ಮಾಯಾವಿದ್ಯೆಯ ಶಾಲೆಯೂ ನಮ್ಮ ಪ್ರಸಾದನಿಲಯವೂ

ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ನಮ್ಮ ತಾಳ್ಯದ ಶಾಲೆಯ ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಮಾಡಿದಾಗ, ಎಂದಿನಂತೆ ಹರಿಹರನ ರಗಳೆಗಳನ್ನೋ ರಾಘವಾಂಕನ ಷಟ್ಪದಿಗಳನ್ನೋ ಕುರಿತು ನಾಲ್ಕು ಮಾತು ಬರೆದೊಪ್ಪಿಸುವುದೆಂದು ನಾನು ಎಣಿಸಿದ್ದೆನು. ಕನ್ನಡ ಸಾಹಿತ್ಯ ಪರಿಷತ್ತಿನ ಜಾಣ, ರತ್ನ ಪರೀಕ್ಷೆಗಳನ್ನು ಮುಗಿಸಿ ಪಂಡಿತವೃತ್ತಿಗೆ ಬಂದವನಿಗೆ ಬಳಕೆಯಾದ ಹಾದಿ ಅದು. ಆದರೆ ನಮ್ಮ ಗ್ರಂಥಭಂಡಾರದ ಒಂದು ಕಪಾಟಿನ ವಿಷಯವಾಗಿ ಕಳೆದ ವರ್ಷ ಎದ್ದ ಪ್ರಶ್ನೆಯೊಂದು ಮನಸ್ಸನ್ನು ಬಿಡದೆ ಕಾಡುತ್ತಿರುವುದರಿಂದ, ಈ ಸಲ ಆ ಹಾದಿಯನ್ನು ತುಸು ಬಿಟ್ಟು, ಒಂದು ಇಂಗ್ಲಿಷ್ ಮಕ್ಕಳ ಕಾದಂಬರಿಯನ್ನು ಕುರಿತು ಬರೆಯುವ ಸಾಹಸಕ್ಕೆ ಕೈಹಾಕಿದ್ದೇನೆ. ವಿದ್ಯಾಭಿಮಾನಿಗಳಾದ ಓದುಗರು ಮನ್ನಿಸಬೇಕು.

ವಿಷಯವಿಷ್ಟು. ಪರದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದಾಗ, ತಮ್ಮ ಮಕ್ಕಳು ಓದಿ ಮುಗಿಸಿದ ಏಳು ಸಂಪುಟಗಳನ್ನು ಶಾಲೆಯ ಗ್ರಂಥಭಂಡಾರಕ್ಕೆ ಕೊಟ್ಟುಹೋದರು. ಜೆ. ಕೆ. ರೌಲಿಂಗ್ ಎಂಬ ಆಂಗ್ಲ ಲೇಖಕಿ ಬರೆದ ‘ಹ್ಯಾರಿ ಪಾಟರ್’ ಕಥಾಮಾಲೆ ಅದು. ಮೊದಲ ಸಂಪುಟ 1997ರಲ್ಲಿಯೂ ಕೊನೆಯದು 2007ರಲ್ಲಿಯೂ ಅಚ್ಚಾದುವು. 80ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡು, 50 ಕೋಟಿಗೂ ಮಿಕ್ಕಿ ಪ್ರತಿಗಳು ಜಗತ್ತಿನಲ್ಲಿ ಮಾರಾಟವಾಗಿವೆ. ಕೆಲವು ತಿಂಗಳಾದ ಮೇಲೆ, ಸಂಸ್ಥೆಯ ಬಹುಕಾಲದ ಹಿತೈಷಿಗಳೂ ದಾನಿಗಳೂ ಆದ ಹಿರಿಯರೊಬ್ಬರು ಆಡಳಿತ ಮಂಡಳಿಗೆ ಪತ್ರ ಬರೆದರು. ಮಾಟಮಂತ್ರಗಳನ್ನು ಕಲಿಸುವ ಶಾಲೆಯೊಂದರ ಕಥೆ ಶರಣರ ಹೆಸರು ಹೇಳಿಕೊಂಡು ನಡೆಯುವ ಶಾಲೆಯಲ್ಲಿ ಇರುವುದು ಸರಿಯೆ ಎಂಬುದು ಅವರ ಪ್ರಶ್ನೆ. ಪುಸ್ತಕಗಳನ್ನು ಹಿಂದಿರುಗಿಸಿಬಿಡುವುದು ಲೇಸೆಂದು ಅವರ ಸಲಹೆ. ಮಂಡಳಿಯವರು ಕನ್ನಡ ಪಂಡಿತನ ಅಭಿಪ್ರಾಯವನ್ನು ಕೇಳಿದರು. ಅಂದು ಸಭೆಯಲ್ಲಿ ಸಮಯಾಭಾವದಿಂದ ಹೇಳಲಾಗದೆ ಉಳಿದುದನ್ನು ಇಲ್ಲಿ ವಿಸ್ತರಿಸಿದ್ದೇನೆ.

ಮೊದಲಿಗೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಆ ಪತ್ರ ಬರುವುದಕ್ಕೆ ಮುಂಚೆಯೇ ಆ ಪುಸ್ತಕಕ್ಕೆ ನಾನೇ ಬಹಿಷ್ಕಾರ ಹಾಕಿದ್ದೆನು. ಒಂಬತ್ತನೆಯ ತರಗತಿಯಲ್ಲಿ ಷಟ್ಪದಿಯ ಪಾಠ ನಡೆಯುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಡೆಸ್ಕಿನ ಕೆಳಗೆ ಅದರ ಮೊದಲ ಸಂಪುಟವನ್ನು ಓದುತ್ತ ಸಿಕ್ಕಿಬಿದ್ದನು. ಪುಸ್ತಕವನ್ನು ಕಿತ್ತುಕೊಂಡು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ಹುಡುಗ ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. ಆ ಮೌನವನ್ನು ನಾನು ಉದ್ಧಟತನವೆಂದೇ ಭಾವಿಸಿದೆನು.

ದೀಪಾವಳಿಯ ರಜೆ ಬಂದಿತು. ಪ್ರಸಾದನಿಲಯದ ಹುಡುಗರು ಟ್ರಂಕು ಹೊತ್ತು, ಬಸ್ಸು ಹತ್ತಿ ತಮ್ಮ ತಮ್ಮ ಊರುಗಳಿಗೆ ಹೋದರು. ನಾಲ್ಕೈದು ಮಂದಿ ಮಾತ್ರ ಉಳಿದರು. ಪ್ರತಿ ರಜೆಯಲ್ಲಿಯೂ ಹೀಗೆ ಉಳಿಯುವ ಕೆಲವರು ಇದ್ದೇ ಇರುತ್ತಾರೆ. ಹೋಗಲು ಮನೆಯಿಲ್ಲದವರು, ಇದ್ದರೂ ಹೋಗಲಾರದವರು. ಈ ಹುಡುಗನೂ ಅವರಲ್ಲೊಬ್ಬ. ತಂದೆ ಇಲ್ಲ, ತಾಯಿ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ನಾಲ್ವರೊಡನೆ ಒಂದೇ ಕೋಣೆಯಲ್ಲಿ ಇರುವವರು. ಒಂದು ಸಂಜೆ ಯಾವುದೋ ಕೆಲಸದ ಮೇಲೆ ನಿಲಯಕ್ಕೆ ಹೋದಾಗ ವಿದ್ಯುತ್ತು ಹೋಗಿತ್ತು. ಜಗುಲಿಯ ಕತ್ತಲೆಯಲ್ಲಿ ಹಾಸಿಗೆಯ ಸುರುಳಿಗಳ ಮೇಲೆ ಕುಳಿತು ಆತ ಉಳಿದವರಿಗೆ ಕಥೆ ಹೇಳುತ್ತಿದ್ದನು. ಅಡಿಗೆಯ ಅಯ್ಯನವರೂ ಕೈಯೊರೆಸಿಕೊಂಡು ಬಂದು ಕುಳಿತಿದ್ದರು. ನಾನು ಕಿತ್ತಿಟ್ಟಿದ್ದ ಪುಸ್ತಕದ ಕಥೆಯೇ ಅದು. ಪುಸ್ತಕವಿಲ್ಲದೆ, ನೆನಪಿನಿಂದ, ನಮ್ಮ ಸೀಮೆಯ ಹಸನಾದ ಕನ್ನಡದಲ್ಲಿ ಅದು ಸಾಗಿತ್ತು. “ಅವ್ನಿಗೂ ರಜಕ್ಕೆ ಹೋಗಾಕೆ ಮನೆ ಇರ್ಲಿಲ್ಲ ಕಣ್ರೋ, ಸ್ಕೂಲೇ ಮನೆ” ಎಂಬ ಮಾತು ಕಿವಿಗೆ ಬಿದ್ದಿತು. ನಾನು ಬಂದ ಕೆಲಸವನ್ನು ಮರೆತು, ಸದ್ದುಮಾಡದೆ ಹಿಂದಿರುಗಿದೆನು.

ಅಂದು ರಾತ್ರಿ ಬೀರುವನ್ನು ತೆರೆದೆನು. ಪುಸ್ತಕದ ನಡುವೆ ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯೊಂದಿತ್ತು. ಅದರಲ್ಲಿ ಎಡಕ್ಕೆ ಇಂಗ್ಲಿಷ್ ಶಬ್ದಗಳು, ಬಲಕ್ಕೆ ಹುಡುಗ ತಾನೇ ಯೋಚಿಸಿ ಬರೆದ ಕನ್ನಡ ಶಬ್ದಗಳು. ತೊಟ್ಟವನನ್ನು ಮರೆಮಾಡುವ ಮಾಯಾವಸ್ತ್ರಕ್ಕೆ ಮೊದಲು ‘ಅದೃಶ್ಯ ಬಟ್ಟೆ’ ಎಂದು ಬರೆದು, ಹೊಡೆದುಹಾಕಿ, ‘ಕಾಣದ ಕಂಬಳಿ’ ಎಂದು ತಿದ್ದಿದ್ದನು. ಮಾಯವರಿಯದ ಸಾಮಾನ್ಯ ಜನರಿಗೆ ‘ಬರಿಯರು’ ಎಂದಿದ್ದನು. ಮಕ್ಕಳನ್ನು ಬೇರೆ ಬೇರೆ ನಿಲಯಗಳಿಗೆ ಹಂಚುವ ಟೋಪಿಗೆ ‘ಪಾಲು ಹಚ್ಚುವ ಟೋಪಿ’. ವರ್ಷವಿಡೀ ತತ್ಸಮ ತದ್ಭವಗಳನ್ನು ಕಂಠಪಾಠ ಮಾಡಿಸಿದ ನನಗೆ, ಮಾರ್ಗವನ್ನು ದೇಶಿಗೆ ತಿರುಗಿಸುವ ಕೆಲಸವನ್ನು ಯಾರೂ ಹೇಳಿಕೊಡದೆ ಮಾಡುತ್ತಿದ್ದ ಈ ಬಾಲಕವಿ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆನು. ಮೂರು ವಾರದಲ್ಲಿ ಒಂದು ಸಂಪುಟ ಮುಗಿಯಿತು. ಮುಂದಿನ ಆರಕ್ಕೆ ಒಂದು ವರ್ಷವೇ ಹಿಡಿಯಿತು.

ಕಥೆಯ ತಿರುಳನ್ನು ಬಲ್ಲವರು ಬಲ್ಲರು. ಉಳಿದವರಿಗಾಗಿ ಸಂಗ್ರಹವಾಗಿ ಹೇಳುತ್ತೇನೆ. ಹ್ಯಾರಿ ಎಂಬ ಬಾಲಕ ಒಂದು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡವನು. ಚಿಕ್ಕಮ್ಮ ಎನ್ನಬಹುದಾದ ದೊಡ್ಡಮ್ಮನ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿ, ಅವರ ಮಗ ಉಟ್ಟು ಬಿಟ್ಟ ಬಟ್ಟೆ ತೊಟ್ಟು ಬೆಳೆಯುತ್ತಾನೆ. ಹನ್ನೊಂದು ತುಂಬುವ ಹೊತ್ತಿಗೆ ಅವನ ಹೆಸರಿಗೆ ಒಂದು ಕಾಗದ ಬರುತ್ತದೆ. ವಿಳಾಸದಲ್ಲಿ ಆ ಮೆಟ್ಟಿಲ ಕೆಳಗಿನ ಗೂಡೂ ಬರೆದಿರುತ್ತದೆ. ಹಾಗ್ವರ್ಟ್ಸ್ ಎಂಬ ಮಾಯಾವಿದ್ಯೆಯ ವಸತಿಶಾಲೆಯಲ್ಲಿ ಅವನಿಗೆ ಸ್ಥಳವುಂಟೆಂದು ಆ ಕಾಗದ ತಿಳಿಸುತ್ತದೆ. ಅಲ್ಲಿ ಅವನಿಗೆ ಗೆಳೆಯರು, ಗುರುಗಳು, ಹೊಟ್ಟೆತುಂಬ ಊಟ ದೊರೆಯುತ್ತವೆ. ತಂದೆತಾಯಿಗಳನ್ನು ಕೊಂದ ದುಷ್ಟ ಮಾಂತ್ರಿಕನೊಡನೆ ಏಳು ವರ್ಷಗಳ ಹೋರಾಟವೂ ದೊರೆಯುತ್ತದೆ. ಉಳಿದುದೆಲ್ಲ ಇದರ ವಿಸ್ತಾರ.

ಈಗ ಆಕ್ಷೇಪಗಳ ವಿಚಾರ. ಮೊದಲನೆಯದು ಮೂಢನಂಬಿಕೆಯದು. ವಾಮಾಚಾರವನ್ನೂ ಅಮಾನವೀಯ ಪದ್ಧತಿಗಳನ್ನೂ ತಡೆಯಲೆಂದು ನಮ್ಮ ರಾಜ್ಯದಲ್ಲಿಯೇ 2017ರಲ್ಲಿ ಕಾಯಿದೆಯಾಗಿ, 2020ರಲ್ಲಿ ಜಾರಿಗೆ ಬಂದಿರುವಾಗ, ಮಾಂತ್ರಿಕರ ಕಥೆಯನ್ನು ಮಕ್ಕಳ ಕೈಗೆ ಕೊಡಬಹುದೆ ಎಂದು ಹಿರಿಯರು ಕೇಳುತ್ತಾರೆ. ಇಂಥ ಆತಂಕ ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ಅಮೆರಿಕದ ಗ್ರಂಥಾಲಯ ಸಂಘದವರು 2000ದಿಂದ 2009ರ ವರೆಗಿನ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿಯನ್ನು ಮಾಡಿದಾಗ ಮೊದಲ ಸ್ಥಾನದಲ್ಲಿದ್ದುದು ಈ ಕಥಾಮಾಲೆಯೇ. ಆದರೆ ಕಾಯಿದೆ ತಡೆಯುವುದು ಮಾಯದ ಹೆಸರಿನಲ್ಲಿ ದುರ್ಬಲರನ್ನು ವಂಚಿಸುವ, ಹಿಂಸಿಸುವ ಕೃತ್ಯವನ್ನು. ಕಥೆ ಹಾಗಲ್ಲ; ‘ಇದು ಕಥೆ’ ಎಂದು ಮೊದಲೇ ಒಪ್ಪಿಕೊಂಡು ಆರಂಭವಾಗುತ್ತದೆ. ಒಪ್ಪಿಕೊಂಡು ಕಟ್ಟಿದ ಮಾಯೆ ಯಾರನ್ನೂ ಮೋಸಗೊಳಿಸದು. ಈ ಅರಿವು ಮಠಗಳಿಗೆ ಇಲ್ಲದಿದ್ದರೆ ಸಿರಿಗೆರೆಯ ಹಿರಿಯ ಜಗದ್ಗುರುಗಳಾಗಿದ್ದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರು ನಾಟಕಗಳನ್ನು ಬರೆದು ಆಡಿಸುತ್ತಿದ್ದರೆ? ಸಾಣೇಹಳ್ಳಿಯಿಂದ ‘ಶಿವಸಂಚಾರ’ದ ನಾಟಕತಂಡ ಊರೂರಿಗೆ ಹೊರಡುತ್ತಿತ್ತೆ? ಬಣ್ಣ, ಬೆಳಕು, ವೇಷಗಳ ಆ ಮಾಯೆಯನ್ನು ನಂಬಿಯೂ ನಂಬದೆಯೂ ನೋಡಲು ನಮ್ಮ ಹಳ್ಳಿಯ ಮಗು ಬಲ್ಲದು. ಶಿವಸಂಚಾರ ಆರಂಭವಾದುದೂ ಈ ಕಾದಂಬರಿಯ ಮೊದಲ ಸಂಪುಟ ಹೊರಬಂದುದೂ ಒಂದೇ ವರ್ಷ, 1997, ಎಂಬುದು ಒಂದು ಸೊಗಸಾದ ಕಾಕತಾಳೀಯ.

ಇನ್ನು ಮಾಯಾವಿದ್ಯೆ ಕಲಿಯುವ ವಿದ್ಯಾರ್ಥಿಯ ಕಥೆ ನಮ್ಮ ಸಾಹಿತ್ಯಕ್ಕೆ ಹೊಸದೆ? ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ರಾಜಕುಮಾರನಾದ ವಿದ್ಯುಚ್ಚೋರನೂ ತಳಾರನ ಮಗನಾದ ಯಮದಂಡನೂ ಒಟ್ಟಿಗೆ ಕಲಿತ ಸಹಪಾಠಿಗಳು. ಒಬ್ಬ ಕಾವಲಿನ ಶಾಸ್ತ್ರವನ್ನು ಕಲಿತರೆ ಇನ್ನೊಬ್ಬ ಕಳವಿನ ಶಾಸ್ತ್ರವನ್ನು ಕಲಿಯುತ್ತಾನೆ. ಗೆಳೆಯನನ್ನು ಪರೀಕ್ಷಿಸಲೆಂದೇ ಅವನ ಊರಿಗೆ ಹೋಗಿ, ವಿದ್ಯಾಬಲದಿಂದ ರೂಪ ಮರೆಸಿಕೊಂಡು ಕದಿಯುತ್ತಾನೆ. ಕೊನೆಗೆ ಎಲ್ಲವನ್ನೂ ತೊರೆದು ತಪಸ್ಸಿಗೆ ನಿಲ್ಲುತ್ತಾನೆ. ಮಹಾಭಾರತದ ಕಚನಂತೂ ವೈರಿಗಳ ಗುರುವಾದ ಶುಕ್ರಾಚಾರ್ಯರ ಆಶ್ರಮದಲ್ಲಿಯೇ ವಾಸವಿದ್ದು, ಸತ್ತವರನ್ನು ಬದುಕಿಸುವ ಸಂಜೀವಿನೀ ವಿದ್ಯೆಗಾಗಿ ಮತ್ತೆ ಮತ್ತೆ ಪ್ರಾಣವನ್ನೇ ತೆತ್ತವನು. ವಸತಿಶಾಲೆ, ಮಾಯಾವಿದ್ಯೆ, ಪ್ರಾಣಾಪಾಯ, ಗುರುಪುತ್ರಿಯ ಸ್ನೇಹ, ಇವೆಲ್ಲ ಅಲ್ಲಿಯೇ ಇವೆ. ಈ ಕಥೆಗಳನ್ನು ಪಠ್ಯವಾಗಿ ಬೋಧಿಸುವ ನಾವು ಆ ಕಥೆಯನ್ನು ದೋಷಿಯೆನ್ನುವುದು ಯಾವ ನ್ಯಾಯ?

ಮಾಯೆಯನ್ನು ಕಥೆ ಹೇಗೆ ತೂಗುತ್ತದೆ ಎಂಬುದೇ ಮುಖ್ಯ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷನ ಪ್ರಸಂಗವನ್ನು ನೆನೆಯಬಹುದು. ಗೋರಕ್ಷ ಕಾಯಸಿದ್ಧಿಯನ್ನು ಪಡೆದವನು. ಕತ್ತಿಯಿಂದ ಹೊಡೆದರೆ ಅವನ ಒಡಲು ಖಣಿಲೆನ್ನುವುದಲ್ಲದೆ ಕೂದಲೂ ಕೊಂಕದು. ಅದೇ ಕತ್ತಿ ಅಲ್ಲಮಪ್ರಭುವಿನ ಒಡಲಲ್ಲಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಸಾಯದ ಒಡಲು ದೊಡ್ಡದಲ್ಲ, ಒಡಲೆಂಬ ಹಮ್ಮಿಲ್ಲದ ಅರಿವು ದೊಡ್ಡದು ಎಂದು ಆಗ ಗೋರಕ್ಷನಿಗೆ ತಿಳಿಯುತ್ತದೆ. ಈ ಪ್ರಸಂಗವನ್ನು ಬಲ್ಲವರು ಹ್ಯಾರಿಯ ಕಥೆಯನ್ನು ಕೊನೆಯವರೆಗೆ ಓದಿದರೆ ಆಶ್ಚರ್ಯಪಡುವರು. ಅಲ್ಲಿನ ದುಷ್ಟ ಮಾಂತ್ರಿಕನ ಪಾಪವೆಲ್ಲ ಹುಟ್ಟುವುದು ಸಾವಿನ ಭಯದಿಂದ. ಸಾಯಬಾರದೆಂದು ತನ್ನ ಆತ್ಮವನ್ನೇ ಕೊಲೆಗಳಿಂದ ಸೀಳಿ, ತುಂಡುಗಳನ್ನು ವಸ್ತುಗಳಲ್ಲಿ ಬಚ್ಚಿಡುತ್ತಾನೆ. ಅವನನ್ನು ಗೆಲ್ಲುವವನಾದರೋ, ಪರರಿಗಾಗಿ ತಾನೇ ಸಾವಿನ ಎದುರಿಗೆ ನಡೆದು ಹೋಗುವ ಹುಡುಗ. ಸಿರಿಗೆರೆಯ ಗುರುಗಳ ನಾಟಕವೊಂದರ ಹೆಸರು ‘ಮರಣವೇ ಮಹಾನವಮಿ’. ಆ ಹೆಸರಿನ ಅರ್ಥವನ್ನು ಒಂಬತ್ತನೆಯ ತರಗತಿಯ ಬಾಲಕನಿಗೆ ತಿಳಿಸಬೇಕಾದರೆ ಈ ಇಂಗ್ಲಿಷ್ ಕಥೆಯಿಂದ ಆರಂಭಿಸಿದರೂ ನಾನು ತಪ್ಪೆನ್ನಲಾರೆ.

ಮೊದಲ ಸಂಪುಟದಲ್ಲಿಯೇ ಒಂದು ಕನ್ನಡಿಯ ಪ್ರಸಂಗವಿದೆ. ಅದರ ಹೆಸರನ್ನು ಹಿಂದುಮುಂದಾಗಿ ಓದಿದರೆ ಇಂಗ್ಲಿಷಿನಲ್ಲಿ ‘ಆಸೆ’ ಎಂದಾಗುತ್ತದೆ. ಅದರೆದುರು ನಿಂತವನಿಗೆ ತನ್ನ ಎದೆಯಾಳದ ಬಯಕೆ ಕಾಣಿಸುತ್ತದೆ. ರಜೆಯಲ್ಲಿ ಶಾಲೆಯಲ್ಲಿಯೇ ಉಳಿದ ಹ್ಯಾರಿಗೆ ಅದರಲ್ಲಿ ಕಾಣಿಸುವವರು ಅವನ ತಂದೆತಾಯಿಗಳು. ರಾತ್ರಿಯಾದರೆ ಅದರ ಮುಂದೆ ಹೋಗಿ ಕೂಡುತ್ತಾನೆ. ಮುಖ್ಯಗುರು ಡಂಬಲ್‌ಡೋರ್ ಅದನ್ನು ಕಂಡು ಗದರಿಸುವುದಿಲ್ಲ. ಪಕ್ಕದಲ್ಲಿ ಕುಳಿತು, ಈ ಕನ್ನಡಿ ಜ್ಞಾನವನ್ನೂ ಕೊಡದು, ಸತ್ಯವನ್ನೂ ಕೊಡದು, ಇದರ ಮುಂದೆ ಬಾಳನ್ನು ಸವೆಸಿದವರುಂಟು ಎಂದು ತಿಳಿಯಹೇಳುತ್ತಾನೆ. ಮಾಯೆಯ ಮಿತಿಯನ್ನು ಇದಕ್ಕಿಂತ ಮೃದುವಾಗಿ ಮಗುವಿಗೆ ಹೇಳುವ ಬಗೆ ನನಗೆ ತಿಳಿಯದು. ನಾನು ಪುಸ್ತಕವನ್ನು ಕಿತ್ತುಕೊಂಡಿದ್ದೆ. ಆ ಗುರು ಪಕ್ಕದಲ್ಲಿ ಕುಳಿತಿದ್ದ. ಆ ಪುಟವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೆಯ ಆಕ್ಷೇಪ ಪರಸಂಸ್ಕೃತಿಯದು. ಆ ಶಾಲೆಯ ಗೋಪುರಗಳು, ಹಬ್ಬಗಳು, ಊಟಗಳೆಲ್ಲ ಪರದೇಶದವೆಂಬುದು ದಿಟ. ವಸತಿಶಾಲೆಯ ಕಥೆಯೆಂಬುದೇ ಇಂಗ್ಲಿಷಿನಲ್ಲಿ ಒಂದು ಹಳೆಯ ಪರಂಪರೆ. ರಗ್ಬಿ ಶಾಲೆಯ ಬದುಕನ್ನು ಚಿತ್ರಿಸಿದ ಥಾಮಸ್ ಹ್ಯೂಸನ ಕಾದಂಬರಿ ಬಂದುದು 1857ರಲ್ಲಿ. ಅದಕ್ಕೆ ಮಾಯಾವಿದ್ಯೆಯ ಪಾಠಶಾಲೆಯನ್ನು ಬೆಸೆದುದೂ ರೌಲಿಂಗರೇ ಮೊದಲಲ್ಲ. ಅಮೆರಿಕದ ಅರ್ಸುಲಾ ಲೆ ಗ್ವಿನ್ ಎಂಬ ಲೇಖಕಿ 1968ರಲ್ಲಿ ಬರೆದ ಕಾದಂಬರಿಯಲ್ಲಿ, ಆಡು ಕಾಯುತ್ತಿದ್ದ ಹುಡುಗನೊಬ್ಬ ದ್ವೀಪವೊಂದರ ಮಾಂತ್ರಿಕಶಾಲೆಗೆ ಸೇರಿ, ಸಹಪಾಠಿಯ ಎದುರು ತನ್ನ ವಿದ್ಯೆಯನ್ನು ಮೆರೆಸುವ ಹಮ್ಮಿನಲ್ಲಿ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಓಡಿ ಓಡಿ ದಣಿದು, ಕೊನೆಗೆ ತಿರುಗಿ ನಿಂತು, ಆ ನೆರಳನ್ನು ತನ್ನದೇ ಹೆಸರಿನಿಂದ ಕರೆದಾಗ ಮುಕ್ತನಾಗುತ್ತಾನೆ. ಆಡು ಕುರಿಗಳ ಸೀಮೆಯಾದ ನಮ್ಮ ಜಿಲ್ಲೆಯ ಮಗುವಿಗೆ ಈ ಹುಡುಗ ಪರಕೀಯನೆ?

ಇನ್ನೂ ಒಂದು ಮಾತು. ಹ್ಯಾರಿಯ ಲೋಕದಲ್ಲಿ ‘ಶುದ್ಧ ರಕ್ತ’ದ ಹೆಮ್ಮೆಯವರಿದ್ದಾರೆ. ಮಾಂತ್ರಿಕರಲ್ಲದ ತಂದೆತಾಯಿಗಳ ಮಗಳಾದ ಹರ್ಮಯನಿ ಎಂಬ ಹುಡುಗಿ ತರಗತಿಗೆಲ್ಲ ಜಾಣೆಯಾದರೂ ಅವರು ಅವಳನ್ನು ಹೊಲಸು ರಕ್ತದವಳೆಂದು ಹಳಿಯುತ್ತಾರೆ. ದುಷ್ಟ ಮಾಂತ್ರಿಕನ ಪಕ್ಷವೆಲ್ಲ ಕಟ್ಟಿಕೊಂಡಿರುವುದು ಈ ಹೆಮ್ಮೆಯ ಮೇಲೆಯೇ. ಹುಟ್ಟಿನಿಂದ ಹಿರಿಮೆಯಿಲ್ಲ, ತಾನು ಆರಿಸಿಕೊಂಡ ನಡೆಯಿಂದಲೇ ಮನುಷ್ಯ ಮನುಷ್ಯನಾಗುತ್ತಾನೆ ಎಂಬುದು ಏಳು ಸಂಪುಟಗಳ ಉದ್ದಕ್ಕೂ ಹರಿಯುವ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಈ ಮಾತಿಗಾಗಿ ತಲೆದಂಡವಾದುದನ್ನು ನಾವು ವರ್ಷವರ್ಷವೂ ವೇದಿಕೆಯ ಮೇಲೆ ಸ್ಮರಿಸುತ್ತೇವೆ. ಅದೇ ಮಾತು ಬೇರೆ ವೇಷದಲ್ಲಿ ಬಾಗಿಲಿಗೆ ಬಂದರೆ ಗುರುತು ಹಿಡಿಯದಿರಬಾರದು.

ವಸತಿಶಾಲೆಯ ಬದುಕಾದರೂ ಪರದೇಶದ್ದೆ? ಹಾನಗಲ್ಲ ಕುಮಾರಸ್ವಾಮಿಗಳವರು ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದು 1909ರಲ್ಲಿ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ಜಾತಿಯನ್ನು ಕೇಳದೆ ಅನ್ನ, ಅಕ್ಷರ, ಆಸರೆಗಳನ್ನು ಕೊಟ್ಟುದನ್ನು ನಾಡೇ ಬಲ್ಲದು. ಮನೆಯಿಂದ ಬಂದ ಮೊದಲ ರಾತ್ರಿಯ ಅಳು, ಬೆಳಗಿನ ಝಾವದ ಗಂಟೆ, ತಣ್ಣೀರಿನ ಸ್ನಾನ, ಸಾಮೂಹಿಕ ಪ್ರಾರ್ಥನೆ, ಪಂಕ್ತಿಯ ಊಟ, ಟ್ರಂಕಿನ ತಳದಲ್ಲಿ ಬಚ್ಚಿಟ್ಟ ಅವ್ವ ಕೊಟ್ಟ ಕರ್ಜಿಕಾಯಿ, ಇವನ್ನು ಬಲ್ಲವರು ಈ ಸಂಚಿಕೆಯ ಓದುಗರಲ್ಲಿ ಎಷ್ಟು ಮಂದಿ ಇಲ್ಲ! ನಾನೂ ಅಂಥ ಒಂದು ನಿಲಯದ ಅನ್ನ ಉಂಡು ಬೆಳೆದವನೇ. ಈಗ ನಿಂತುಹೋಗಿರುವ ‘ಚಂದಮಾಮ’ದ ಬೇತಾಳ ಕಥೆಗಳನ್ನು ಕಂದೀಲಿನ ಬೆಳಕಿನಲ್ಲಿ ಕದ್ದು ಓದಿದವನೇ. ನನ್ನ ಮೇಷ್ಟ್ರು ಅದನ್ನು ಕಂಡೂ ಕಾಣದಂತೆ ಹೋಗುತ್ತಿದ್ದರು. ಆ ಔದಾರ್ಯವನ್ನು ನಾನು ಶಿಷ್ಯನಿಗೆ ದಾಟಿಸಲಿಲ್ಲ.

ಹೀಗಿರಲು ನಮ್ಮ ಹುಡುಗನನ್ನು ಆ ಪುಸ್ತಕಕ್ಕೆ ಕಟ್ಟಿಹಾಕಿದುದು ಮಂತ್ರದ ಕೋಲೂ ಅಲ್ಲ, ಹಾರುವ ಪೊರಕೆಯೂ ಅಲ್ಲ. ದಿಕ್ಕಿಲ್ಲದ ಮಗುವಿನ ಹೆಸರನ್ನೂ ಅದು ಮಲಗುವ ಗೂಡನ್ನೂ ತಿಳಿದು ಕಾಗದ ಬರೆಯುವ ಶಾಲೆಯೊಂದು ಇದೆಯೆಂಬ ಭರವಸೆ ಅವನನ್ನು ಹಿಡಿಯಿತು. ಅಂಥ ಶಾಲೆ ಮಾಯಾಲೋಕದಲ್ಲಿ ಮಾತ್ರ ಉಂಟೆಂದು ಅವನು ತಿಳಿದರೆ ತಪ್ಪು ಪುಸ್ತಕದ್ದಲ್ಲ, ನಮ್ಮದು.

ಮೂರನೆಯ ಆಕ್ಷೇಪ ನನ್ನದೇ ಆಗಿತ್ತು: ಕನ್ನಡಕ್ಕೆ ಕುಂದು ಬರುವುದೆಂಬುದು. ಆ ಹಾಳೆ ಅದಕ್ಕೆ ಉತ್ತರ ಹೇಳಿಬಿಟ್ಟಿತು. ‘ಕಾಣದ ಕಂಬಳಿ’ ಎಂದು ತಿದ್ದಿದ ಕೈಯಿಂದ ಕನ್ನಡಕ್ಕೆ ಕುಂದು ಬಾರದು. ಕುಂದು ಇರುವುದು ಬೇರೆಡೆ. ನಮ್ಮ ನಾಡಿನ ವಸತಿನಿಲಯಗಳ ಬದುಕು ಆತ್ಮಕಥೆಗಳಲ್ಲಿ ಬಂದಿದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಹಾಸ್ಟೆಲಿನ ದಿನಗಳಿವೆ, ಭೈರಪ್ಪನವರ ‘ಭಿತ್ತಿ’ಯಲ್ಲಿ ವಾರಾನ್ನದ ವಿದ್ಯಾರ್ಥಿಯ ಹಸಿವಿದೆ. ಆದರೆ ಅವು ದೊಡ್ಡವರು ದೊಡ್ಡವರಿಗಾಗಿ ಬರೆದವು. ಹನ್ನೆರಡು ವರ್ಷದ ಹುಡುಗ ರಾತ್ರಿ ಗೆಳೆಯರಿಗೆ ಹೇಳುವಂಥ, ನಗುವೂ ಭಯವೂ ಬೆರಗೂ ಕೂಡಿದ, ನಮ್ಮ ಪ್ರಸಾದನಿಲಯದ ಕಥೆಯೊಂದನ್ನು ನಾವು ಅವನಿಗೆ ಬರೆದುಕೊಟ್ಟಿದ್ದೇವೆಯೆ? ಕೊಡದೆ, ಪರರು ಕೊಟ್ಟುದನ್ನು ಕಿತ್ತುಕೊಳ್ಳುವುದು ಪೌರುಷವಲ್ಲ.

ಹಾಗೆಂದು ಆ ಕಾದಂಬರಿಯಲ್ಲಿ ಕೊರತೆಗಳೇ ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಕೊನೆಯ ಸಂಪುಟಗಳು ಅಳತೆ ಮೀರಿ ಬೆಳೆದಿವೆ. ಆ ಶಾಲೆಯಲ್ಲಿ ಪ್ರಾಚೀನ ಲಿಪಿಗಳ ಪಾಠವುಂಟು, ಕಾವ್ಯದ ಪಾಠವಿಲ್ಲ. ಪಂಡಿತನಾದ ನನಗೆ ಇದು ಸಣ್ಣ ಕೊರತೆಯೇನಲ್ಲ! ಮಾತಿನ ಬಲದಿಂದಲೇ ಲೋಕವನ್ನು ಅಲುಗಿಸುವವರು ಮಾತಿನ ಸೊಗಸನ್ನು ಕಲಿಯದಿರುವುದು ಸೋಜಿಗ. ಆದರೆ ಉಪಾಧ್ಯಾಯ ಬಂಧುಗಳು ಓದಲೇಬೇಕಾದ ಪುಟಗಳು ಅದರಲ್ಲಿವೆ. ಅಲ್ಲಿ ಚರಿತ್ರೆಯ ಅಧ್ಯಾಪಕ ಒಂದು ಪ್ರೇತ. ಒಂದು ದಿನ ಕುರ್ಚಿಯಲ್ಲಿ ಕುಳಿತಲ್ಲಿಯೇ ತೀರಿಕೊಂಡರೂ ಅದನ್ನು ಗಮನಿಸದೆ, ದೇಹವನ್ನು ಅಲ್ಲಿಯೇ ಬಿಟ್ಟು, ಎದ್ದು ತರಗತಿಗೆ ಹೋದವನು. ಅಂದಿನಿಂದ ಅದೇ ಧ್ವನಿಯಲ್ಲಿ ಪಾಠ ಸಾಗಿದೆ. ಮಕ್ಕಳು ನಿದ್ದೆ ಹೋಗುತ್ತಾರೆ. ಓದುತ್ತ ನಕ್ಕೆನು, ಮರುದಿನ ಷಟ್ಪದಿಯ ಲಕ್ಷಣವನ್ನು ಹೇಳುತ್ತಿದ್ದಾಗ ಹಿಂದಿನ ಸಾಲನ್ನು ನೋಡಿ ನಗು ನಿಂತಿತು.

ದಾನಿಗಳ ಗಮನಕ್ಕೂ ಒಂದು ವಿಷಯವನ್ನು ತರಬಯಸುತ್ತೇನೆ. ಹಾಗ್ವರ್ಟ್ಸ್‌ನ ಭೋಜನಶಾಲೆಯಲ್ಲಿ ಬರಿದಾದ ತಟ್ಟೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಮಕ್ಕಳಿಗೆ ಅದು ಮಾಯೆಯೆಂದೇ ತೋರುತ್ತದೆ. ನಾಲ್ಕನೆಯ ಸಂಪುಟದಲ್ಲಿ ನಿಜ ತಿಳಿಯುತ್ತದೆ: ನೆಲಮಾಳಿಗೆಯ ಅಡಿಗೆಮನೆಯಲ್ಲಿ ಸಂಬಳವಿಲ್ಲದೆ ದುಡಿಯುವ ಕುಳ್ಳ ಜೀವಿಗಳ ಜೀತವೇ ಆ ಮಾಯೆ. ಹರ್ಮಯನಿ ಅದನ್ನು ಕಂಡು ನೊಂದು ಹೋರಾಡಿದರೆ ಉಳಿದವರು ನಗುತ್ತಾರೆ. ನಮ್ಮ ಪಂಕ್ತಿಯಲ್ಲಿ ಬಡಿಸುವ ಮುದ್ದೆಗೆ ಅಂಥ ಗುಟ್ಟಿಲ್ಲ. ಸುಗ್ಗಿಯಲ್ಲಿ ಸುತ್ತಲ ಹಳ್ಳಿಗಳ ಭಕ್ತರ ಕಣದಿಂದ ಬಂದ ರಾಗಿ ಅದು. ಯಾವ ಊರಿನ ಗಾಡಿ ಎಂದು ಬಂದಿತೆಂದು ಹುಡುಗರೇ ಹೇಳಬಲ್ಲರು, ಮೂಟೆ ಇಳಿಸಲು ಅವರೇ ಭುಜ ಕೊಟ್ಟಿರುತ್ತಾರೆ. ದಾಸೋಹವೆಂದರೆ ಕಾಣುವ ಕೈಗಳ ಅನ್ನ. ಆ ಇಂಗ್ಲಿಷ್ ಕಥೆಗಿಂತ ನಮ್ಮ ನಿಲಯ ಮೇಲೆಂದು ನಾನು ಎದೆ ತಟ್ಟಿ ಹೇಳಬಲ್ಲ ಸ್ಥಳ ಇದೊಂದು. ಆದರೆ ಇದನ್ನು ಹುಡುಗನಿಗೆ ತೋರಿಸಿಕೊಡಲು ಆ ಪುಸ್ತಕವನ್ನೂ ಅವನು ಓದಿರಬೇಕು.

ಆದುದರಿಂದ ನನ್ನ ವಿನಮ್ರ ಅಭಿಪ್ರಾಯವಿದು. ಆ ಏಳು ಸಂಪುಟಗಳು ಕಪಾಟಿನಲ್ಲಿಯೇ ಇರಲಿ. ಅವುಗಳ ಪಕ್ಕದಲ್ಲಿ ಸರಳಗನ್ನಡದ ವಡ್ಡಾರಾಧನೆ, ಪ್ರಭುಲಿಂಗಲೀಲೆಯ ಗದ್ಯಾನುವಾದ, ಕಾರಂತರ ‘ಬಾಲಪ್ರಪಂಚ’, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ನಮ್ಮ ಜಿಲ್ಲೆಯವರೇ ಆದ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕೈಗೆಟಕುವಂತೆ ನಿಲ್ಲಲಿ. ಗಾಜಿನ ಬಾಗಿಲಿಗೆ ಬೀಗ ಬೇಡ. ವಾರಕ್ಕೊಂದು ಸಂಜೆ ಪ್ರಾರ್ಥನೆಯ ತರುವಾಯ ಹುಡುಗರು ತಾವು ಓದಿದ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಲು ಅರ್ಧ ಗಂಟೆಯ ಅವಕಾಶವಿರಲಿ. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಒಂದು ಪಾಲನ್ನು ಪುಸ್ತಕಕ್ಕೆ ತೆಗೆದಿಡಲಿ. ಕಲ್ಲಿನ ಮೇಲೆ ಕೊರೆದ ಹೆಸರಿಗಿಂತ ಮಗುವಿನ ನೆನಪಿನಲ್ಲಿ ಉಳಿದ ಪುಟ ಹೆಚ್ಚು ಕಾಲ ಬಾಳುತ್ತದೆ. ರಜೆಯಲ್ಲಿ ಉಳಿಯುವ ಮಕ್ಕಳನ್ನು ಊರಿನ ಒಂದೊಂದು ಮನೆಯವರು ಹಬ್ಬದೂಟಕ್ಕೆ ಕರೆಯಲಿ. ಹ್ಯಾರಿಯ ಗೆಳೆಯನ ತಾಯಿ, ತನ್ನ ಮಕ್ಕಳಿಗೆ ಹೆಣೆದಂತೆಯೇ ಆ ಪರರ ಮಗುವಿಗೂ ಒಂದು ಉಣ್ಣೆಯ ಅಂಗಿಯನ್ನು ಹೆಣೆದು ಹಬ್ಬಕ್ಕೆ ಕಳುಹಿಸುತ್ತಾಳೆ. ಇಡೀ ಪುಸ್ತಕದಲ್ಲಿ ನನ್ನ ಕಣ್ಣು ತೇವವಾದುದು ಅಲ್ಲಿ. ಹಳೆಯ ವಿದ್ಯಾರ್ಥಿಗಳಾದರೋ ತಮ್ಮ ನಿಲಯದ ದಿನಗಳನ್ನು ಮಕ್ಕಳಿಗೆ ಕಥೆಯಾಗಿ ಬರೆದು ಈ ಸಂಚಿಕೆಗೆ ಕಳುಹಿಸಲಿ. ಅಲಂಕಾರ ಬೇಡ, ತಿದ್ದಿಕೊಡಲು ನಾನಿದ್ದೇನೆ.

ಕಚನ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಗುರುವಿನ ಹೊಟ್ಟೆಯನ್ನು ಸೇರಿ, ಅಲ್ಲಿಯೇ ಸಂಜೀವಿನಿಯನ್ನು ಕಲಿತು, ಹೊರಬಂದು, ಸತ್ತ ಗುರುವನ್ನೇ ಆ ವಿದ್ಯೆಯಿಂದ ಬದುಕಿಸಿದ ಕಚ ಊರಿಗೆ ಹೊರಟಾಗ, ಅವನು ತನ್ನನ್ನು ವರಿಸಲಿಲ್ಲವೆಂದು ನೊಂದ ದೇವಯಾನಿ ಆ ವಿದ್ಯೆ ಅವನಿಗೆ ಫಲಿಸದಿರಲೆಂದು ಶಪಿಸುತ್ತಾಳೆ. ಆಗಲಿ, ನನಗೆ ಫಲಿಸದಿದ್ದರೂ ನಾನು ಯಾರಿಗೆ ಕಲಿಸುವೆನೋ ಅವರಿಗೆ ಫಲಿಸುವುದು ಎನ್ನುತ್ತಾನೆ ಕಚ. ಉಪಾಧ್ಯಾಯನ ಬಾಳಿಗೆ ಇದಕ್ಕಿಂತ ನಿಜವಾದ ಕಥೆ ಇಲ್ಲ. ನನ್ನ ಕನ್ನಡ ನನಗೆ ಒಂದು ಕಾವ್ಯವನ್ನೂ ಕೊಡಲಿಲ್ಲ. ಷಟ್ಪದಿಯ ಲಕ್ಷಣವನ್ನು ಮಾತ್ರ ಕೊಟ್ಟಿತು. ಆ ಹಾಳೆಯ ಹುಡುಗನಿಗೆ ಅದು ಫಲಿಸೀತು.

ರಜೆ ಮುಗಿದ ಮೊದಲ ದಿನ ಅವನನ್ನು ಕರೆದು ಪುಸ್ತಕವನ್ನು ಹಿಂದಿರುಗಿಸಿದೆನು. “ಬರಿಯರು ಅನ್ನೋದು ಚೆನ್ನಾಗಿದೆ ಕಣಪ್ಪಾ” ಎಂದೆನು. ಅವನು ತಲೆ ತಗ್ಗಿಸಿ, “ಇನ್ನೂ ಐದಾರು ಪದ ಸಿಕ್ಕಿಲ್ಲ ಸಾ” ಎಂದನು. ಅಂದಿನಿಂದ ಸಂಜೆಯ ಹೊತ್ತು ಇಬ್ಬರೂ ಕುಳಿತು ಅವುಗಳನ್ನು ಹುಡುಕುತ್ತಿದ್ದೇವೆ.